ಫೋನಿಗೆ ಹೇಳಿದ ಒಡಪು

ಬಿರ್ತುಕಾನ್ ನಮ್ಮ ಹುಡುಗಿ ಎಂದು ಈಗ ಪುಣೆಯ ಬಿಬವೇವಾಡಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ, ಬೇಡ ಅನ್ನುವುದಿಲ್ಲ. ಆದರೆ ಅವಳು ಎರಡು ದೊಡ್ಡ ಸೂಟ್‌ಕೇಸ್ ಹಿಡಿದುಕೊಂಡು ನಮ್ಮ ಮೆಟ್ಟಿಲ ಬುಡದಲ್ಲಿ ನಿಂತಿದ್ದ ದಿನ ಇದೇ ಜನ ಕಿಟಕಿಯಿಂದ ಇಣುಕಿ ನೋಡಿದ್ದರು. ಒಬ್ಬರೂ ಕೆಳಗಿಳಿದು ಸೂಟ್‌ಕೇಸಿಗೆ ಕೈ ಹಚ್ಚಲಿಲ್ಲ. ಅದನ್ನು ಮೇಲಿನ ಕೋಣೆಯ ತನಕ ಹೊತ್ತವಳು ನಾನು. ಹಾಗಾಗಿ ಈ ಕಥೆ ಹೇಳುವ ಹಕ್ಕೂ ಮೊದಲು ನನ್ನದೇ.

ನಾನು ಇಂದೂ. ನಮ್ಮದು ಇಂಡಿ ಕಡೆಯ ಮನೆತನ. ನಮ್ಮ ಮಾವನವರು ಹರೆಯದಲ್ಲೇ ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಕಾಳಿನ ಅಂಗಡಿ ಹಾಕಿದರು. ಅವರು ಹೋದ ಮೇಲೆ ಅಂಗಡಿ ನಮ್ಮನೆಯವರ ಕೈಗೆ ಬಂತು. ಈಗ ಕೆಳಗಿನ ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ ಪಾರವ್ವ, ಮೇಲಿನ ಕೋಣೆಯಲ್ಲಿ ಬಿರ್ತುಕಾನ್. ಅವಳು ಇಥಿಯೋಪಿಯಾ ದೇಶದ ಹವಾಸ ಎಂಬ ಊರಿನವಳು. ಪದವಿ ಓದಲು ಪುಣೆಗೆ ಬಂದವಳು. ಏನು ಓದುತ್ತೀಯೆಂದು ಮೊದಲ ದಿನವೇ ಕೇಳಿದ್ದೆ. ಕಂಪ್ಯೂಟರ್ ಮತ್ತು ಭಾಷಾವಿಜ್ಞಾನ, ಎರಡೂ ಕೂಡಿಸಿ ಎಂದಳು. ಚಹಾಪುಡಿಯನ್ನೂ ಅರಿಸಿನವನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟ ಹಾಗೆ ಕಂಡಿತು ನನಗೆ. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ಅವಳಿಗೆ ಕನ್ನಡ ಕಲಿಸಿದ್ದು ನಾನಲ್ಲ, ಅತ್ತೆ. ಅತ್ತೆಗೆ ಮರಾಠಿ ಕಾಯಿಪಲ್ಯ ಕೊಳ್ಳುವಷ್ಟು ಬರುತ್ತದೆ, ಹಿಂದಿ ಅದಕ್ಕೂ ಕಡಿಮೆ, ಇಂಗ್ಲಿಷ್ ಇಲ್ಲವೇ ಇಲ್ಲ. ಹುಡುಗಿಗೆ ಮನೆಯೂಟ ಬೇಕಿತ್ತು, ಅತ್ತೆಗೆ ಮಾತಾಡಲು ಜನ ಬೇಕಿತ್ತು. ಇಬ್ಬರೂ ಅಡುಗೆಮನೆಯಲ್ಲಿ ಕೂತು ಒಬ್ಬರಿಗೊಬ್ಬರು ಕೈಸನ್ನೆ ಮಾಡುತ್ತಲೇ ಶುರು ಮಾಡಿದರು. ವರ್ಷ ಕಳೆಯುವುದರೊಳಗೆ ಬಿರ್ತು "ಹೌದ್ರಿ", "ಸಾಕ್ರಿ", "ಭಾಳ ಖಾರ ಆಗ್ಯದರಿ" ಎಂದು ಥೇಟ್ ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಂದವಳ ಹಾಗೆ ಮಾತಾಡತೊಡಗಿದಳು. ಅತ್ತೆಯನ್ನು ಆಯಿ ಎನ್ನುತ್ತಾಳೆ, ನನ್ನನ್ನು ಕಾಕು. ಅವಳ ಕಾಲೇಜಿನ ಜೊತೆಗಾರ ಅಭಿಲಾಷ ಎಂಬ ಬೆಂಗಳೂರಿನ ಹುಡುಗ ಮೊದಲ ಸಲ ಮನೆಗೆ ಬಂದಾಗ ಅವಳ ಮಾತು ಕೇಳಿ ತಬ್ಬಿಬ್ಬಾಗಿ ಕೂತ.

"ಆಂಟಿ, ಇವಳ ಕನ್ನಡ ನನಗೇ ಹಾಫ್ ಅರ್ಥ ಆಗಲ್ಲ" ಎಂದ.

"ನಿನ್ನ ಕನ್ನಡಾನೂ ನಮಗ ಅಷ್ಟ ಅರ್ಥ ಆಗತದ ತಗೋ" ಎಂದು ಅತ್ತೆ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ಕನ್ನಡ ಬಂದ ಮೇಲೆ ಒಮ್ಮೆ ನಾನು ಮತ್ತೆ ಕೇಳಿದೆ, ಎರಡು ವಿಷಯ ಯಾಕೆ, ಒಂದನ್ನೇ ನೆಟ್ಟಗೆ ಓದಬಾರದೇ ಎಂದು. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಕಾಕು, ನಮ್ಮ ಸಿದಾಮ ಮಾತು ಲಕ್ಷಗಟ್ಟಲೆ ಮಂದಿ ಆಡತಾರ. ಆದ್ರ ಫೋನಿಗೆ ಆ ಮಾತು ತಿಳಿಯಂಗಿಲ್ಲ. ಕಂಪ್ಯೂಟರ್ ಬಲ್ಲವರಿಗೆ ನಮ್ಮ ಮಂದಿ ಹೆಂಗ ಮಾತಾಡತಾರ ಗೊತ್ತಿಲ್ಲ. ಮಾತು ಬಲ್ಲವರು ಕಂಪ್ಯೂಟರ್ ಮುಟ್ಟಂಗಿಲ್ಲ. ನಡುವ ಒಬ್ಬರಾದ್ರೂ ನಿಂದರಬೇಕಲ್ಲರೀ. ಕಂಪ್ಯೂಟರ್ ಒಂದೇ ಓದೂದಾಗಿದ್ರ ನಾ ಅಡಿಸ್ ಅಬಾಬಾದಾಗೇ ಓದತಿದ್ದೆ."

ಅವತ್ತಿನಿಂದ ನಾನು ಚಹಾಪುಡಿ, ಅರಿಸಿನದ ಮಾತು ಮನಸ್ಸಿನಲ್ಲೂ ಆಡಿಲ್ಲ.

ಆದರೆ ಕಾಲೇಜಿನವರು ಆಡಿದರು. ಎರಡೂ ಕೂಡಿಸಿದ ಆ ಪದವಿ ಅವರಲ್ಲಿ ಹೊಸದು. ಎರಡನೆಯ ವರ್ಷದ ಕೊನೆಗೆ ಎರಡೂ ವಿಭಾಗದವರು ಒಟ್ಟಿಗೆ ಕೂತು ಪ್ರತಿಯೊಬ್ಬರ ಕೆಲಸವನ್ನು ನೋಡುತ್ತಾರೆ. ಎರಡು ವಿದ್ಯೆಯೂ ಒಂದಕ್ಕೊಂದು ಹೊಂದಿ ಬಂದಿವೆ ಅನ್ನಿಸಿದರೆ ಮುಂದುವರಿಯಬಹುದು. ಇಲ್ಲದಿದ್ದರೆ ಒಂದನ್ನು ಬಿಟ್ಟು ಇನ್ನೊಂದರಲ್ಲೇ ಪದವಿ ಮುಗಿಸಬೇಕು. ಬಿರ್ತುವಿಗೆ ಒಂದನ್ನು ಬಿಡುವುದೆಂದರೆ ಪುಣೆಗೆ ಬಂದದ್ದೇ ದಂಡ.

ಅವಳು ಆರಿಸಿಕೊಂಡ ಕೆಲಸ ಹುಟ್ಟಿದ್ದು ನಮ್ಮ ಮನೆಯಲ್ಲೇ. ನಮ್ಮ ಕನ್ನಡ ಮಹಿಳಾ ಮಂಡಳದವರು ವಯಸ್ಸಾದವರಿಗೆ ಕಣ್ಣಿನ ತಪಾಸಣೆಯ ಶಿಬಿರ ನಡೆಸುತ್ತೇವೆ. ಹೆಸರು ನೋಂದಾಯಿಸಲು ಯಾರೋ ಮೊಬೈಲಿನಲ್ಲಿ ಒಂದು ಆ್ಯಪ್ ಮಾಡಿಕೊಟ್ಟಿದ್ದರು. ಕಣ್ಣು ಕಾಣದವರು ಸಣ್ಣ ಅಕ್ಷರ ಓದಿ ಒತ್ತಬೇಕಂತೆ. ಅತ್ತೆ ಅದನ್ನು ನೋಡಿ, ಕಣ್ಣು ನೆಟ್ಟಗಿದ್ದವರಿಗೆ ಮಾತ್ರ ಕಣ್ಣು ನೋಡತಾರೇನು ಎಂದು ಕೇಳಿದರು. ಬಿರ್ತು ನಕ್ಕು ಸುಮ್ಮನಾಗಲಿಲ್ಲ. ಫೋನ್ ಮಾಡಿ ಬಾಯಿಂದ ಹೇಳಿದರೆ ಸಾಕು, ಯಂತ್ರವೇ ಕೇಳಿಸಿಕೊಂಡು ಬರೆದುಕೊಳ್ಳುವ ಹಾಗೆ ಮಾಡುತ್ತೇನೆ ಎಂದಳು. ಅದೂ ಪುಣೆಯಲ್ಲಿರುವ ನಮ್ಮಂಥವರ ಕನ್ನಡದಲ್ಲಿ. ಯಂತ್ರಕ್ಕೆ ತನ್ನ ದನಿಯನ್ನೇ ಕಲಿಸಿದಳು, ಅದು ಪ್ರಶ್ನೆ ಕೇಳುವುದೂ ಉತ್ತರ ಕೊಡುವುದೂ ಅದೇ ದನಿಯಲ್ಲಿ. ಅಭಿಲಾಷ ಜೊತೆಗೂಡಿದ.

ಹಿಂಜೆವಾಡಿಯ ಕಂಪ್ಯೂಟರ್ ಕಂಪನಿಗಳಲ್ಲಿ ಕೆಲಸ ಮಾಡುವ ಅಭಿಲಾಷನ ಕಡೆಯವರು ಫೋನ್ ಮಾಡಿ ನೋಡಿದರು. ಎಲ್ಲ ಸರಾಗವಾಗಿ ನಡೆಯಿತು. ಆಮೇಲೆ ನಮ್ಮ ಮಂಡಳದ ಹೆಂಗಸರು ಮಾಡಿದರು. ಯಂತ್ರ ಹೆಸರು ಕೇಳುತ್ತಿತ್ತು, ಇವರು ಹೇಳುತ್ತಿದ್ದರು. ಮುಂದಿನ ಪ್ರಶ್ನೆಗೆ ಬರುವಷ್ಟರಲ್ಲಿ ಫೋನ್ ಕಟ್. ಒಬ್ಬರದಲ್ಲ, ಹೆಚ್ಚುಕಡಿಮೆ ಎಲ್ಲರದೂ ಹಾಗೇ ಆಯಿತು. ಕೊನೆಯ ಪರೀಕ್ಷೆಗೆ ಮೊದಲು ನಡುವೆ ಒಮ್ಮೆ ನೋಡುತ್ತಾರಂತೆ, ಅವತ್ತು ಕಾಲೇಜಿನವರ ಎದುರಿಗೂ ಅದೇ ಆಯಿತು. ಕಂಪ್ಯೂಟರ್ ವಿಭಾಗದ ಸರ್ ಅಲ್ಲೇ ಹೇಳಿಬಿಟ್ಟರಂತೆ, ಮುದುಕಿಯರ ದನಿ ಸಣ್ಣದು, ಅದಕ್ಕೆ ಭಾಷಾಶಾಸ್ತ್ರ ಬೇಕಿಲ್ಲ, ಒಳ್ಳೆಯ ಮೈಕು ಬೇಕು, ನೀನು ಕಂಪ್ಯೂಟರನ್ನೇ ಹಿಡಿದು ಭಾಷೆ ಬಿಟ್ಟುಬಿಡು, ಕೊನೆಯ ಪರೀಕ್ಷೆಯ ತನಕ ಯೋಚಿಸು ಎಂದು.

ಅವತ್ತು ಸಂಜೆ ಬಿರ್ತು ಊಟಕ್ಕೆ ಇಳಿಯಲಿಲ್ಲ. ಅತ್ತೆ ಮೇಲೆ ಹೋಗಿ ಕೈಹಿಡಿದು ಕರೆತಂದರು. ಅವಳು ತಾಟಿನ ಮುಂದೆ ಕೂತು ಫೋನಿನಲ್ಲಿ ರೆಕಾರ್ಡ್ ಆಗಿದ್ದ ಆ ಕರೆಗಳನ್ನು ಒಂದೊಂದಾಗಿ ಹಚ್ಚಿದಳು. "ನಿಮ್ಮ ಹೆಸರು ಹೇಳ್ರಿ" ಎಂದು ಬಿರ್ತುವಿನ ದನಿ. "ಗಂಗವ್ವ" ಎಂದು ಗಟ್ಟಿಯಾದ ಉತ್ತರ. ದನಿ ಎಲ್ಲಿಯ ಸಣ್ಣದು, ಗಂಗವ್ವ ಮಾತಾಡಿದರೆ ಪಕ್ಕದ ಸೊಸೈಟಿಗೆ ಕೇಳುತ್ತದೆ. "ನಿಮ್ಮ ಯಜಮಾನರ ಹೆಸರು ಹೇಳ್ರಿ." ಅಲ್ಲಿಂದ ಮುಂದೆ ಬರೀ ಮೌನ. ಆಮೇಲೆ ಕಟ್. ಇನ್ನೊಂದು ಕರೆಯಲ್ಲೂ ಅದೇ. ಮತ್ತೊಂದರಲ್ಲಿ ಒಂದು ಸಣ್ಣ ನಗು, ಆಮೇಲೆ ಕಟ್.

ನಾನು ಒಲೆಯ ಮುಂದೆ ನಿಂತು ಕೇಳುತ್ತಿದ್ದವಳು ನಗು ತಡೆಯಲಾಗದೆ ಕೂತುಬಿಟ್ಟೆ.

"ಅಯ್ಯ ಹುಚ್ಚಿ, ಗಂಡನ ಹೆಸರು ಯಾರು ಹೇಳತಾರ ಬಾಯಿಲೆ? ನಾ ಎಂದರ ಹೇಳಿದ್ದು ಕೇಳಿಯೇನು?"

ಬಿರ್ತು ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಆಮೇಲೆ ಹಣೆ ಹಣೆ ಬಡಿದುಕೊಂಡಳು.

"ನಮ್ಮಲ್ಲೂ ಹಿಂಗ ಅದರೀ ಕಾಕು. ನಮ್ಮಲ್ಲಿ ಸೊಸಿ ಮಾವನ ಹೆಸರು ಹೇಳಂಗಿಲ್ಲ. ಆ ಹೆಸರು ಯಾವ ಸಪ್ಪಳದಿಂದ ಸುರು ಆಗತದೋ, ಆ ಸಪ್ಪಳದ ಬ್ಯಾರೆ ಮಾತೂ ಆಡಂಗಿಲ್ಲ. ನಮ್ಮ ಅಮ್ಮ ಇವತ್ತಿಗೂ ಬ್ಯಾರೆ ಮಾತು ಹುಡುಕಿ ಹುಡುಕಿ ಆಡತಾಳ. ಅಂಥಾ ಅಮ್ಮನ ಮಗಳು ನಾ, ಸರಕಾರದ ಅರ್ಜಿ ನೋಡಿ ಪ್ರಶ್ನೆ ಬರದುಬಿಟ್ಟೆ."

"ನಮ್ಮಮ್ಮ ಅಪ್ಪನ್ನ ಹೆಸರು ಹಿಡಿದೇ ಕರೀತಾರೆ, ಅದಕ್ಕೇ ನನಗೆ ಸ್ಟ್ರೈಕ್ ಆಗಲಿಲ್ಲ" ಎಂದು ಮಾರನೆಯ ದಿನ ಅಭಿಲಾಷ ಸಮಜಾಯಿಷಿ ಕೊಟ್ಟ. ಆ ಪ್ರಶ್ನೆಯನ್ನೇ ತೆಗೆದುಬಿಡೋಣ ಎಂದೂ ಹೇಳಿದ. ಹಾಗೆ ತೆಗೆಯಲು ಬರುವುದಿಲ್ಲ. ಪಾರವ್ವ ಎಂದರೆ ನಮ್ಮ ಮಂಡಳದಲ್ಲೇ ನಾಲ್ವರಿದ್ದಾರೆ. ಯಾರ ಮನೆಯ ಪಾರವ್ವ ಎಂದು ತಿಳಿಯದೆ ಯಾರ ಕಣ್ಣಿಗೆ ಯಾರ ಹನಿ ಹಾಕುವುದು?

ದಾರಿ ತೋರಿಸಿದವಳು ನಾನೇ. ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಆದರೆ ಒಡಪು ಹಾಕಿ ಹೇಳುತ್ತೇವೆ. ಮದುವೆಯಲ್ಲಿ, ಸೀಮಂತದಲ್ಲಿ, ಎಲ್ಲರೂ ಸುತ್ತ ಕೂತು ಹೇಳು ಹೇಳು ಎಂದು ಕಾಡುವಾಗ, ಪ್ರಾಸ ಕೂಡಿದ ಎರಡು ಸಾಲು ಕಟ್ಟಿ ಅದರಲ್ಲಿ ಹೆಸರನ್ನು ಕೂಡಿಸಿ ಒಂದೇ ಉಸಿರಿಗೆ ಹೇಳಿ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತೇವೆ. ಮರಾಠಿಯವರಲ್ಲೂ ಇದು ಉಂಟು, ಅವರು ಉಖಾಣಾ ಎನ್ನುತ್ತಾರೆ. ಯಂತ್ರವೂ ಸೀಮಂತದ ಮನೆಯ ಹೆಂಗಸರ ಹಾಗೆ ಒಡಪು ಹಾಕ್ರಿ ಎಂದು ಕೇಳಲಿ, ಯಾರು ಹೇಳುವುದಿಲ್ಲವೋ ನೋಡೋಣ ಎಂದೆ. ಬಿರ್ತು ನನ್ನನ್ನು ತಬ್ಬಿಕೊಂಡಳು. ಆ ಎರಡು ಸಾಲಿನಲ್ಲಿ ಹೆಸರು ಎಲ್ಲಿ ಕೂತಿರುತ್ತದೆ, ಅದರ ಮುಂದೆ ದನಿ ಹೇಗೆ ಏರುತ್ತದೆ, ಆಮೇಲೆ ಹೇಗೆ ಇಳಿಯುತ್ತದೆ ಎಂದು ಯಂತ್ರಕ್ಕೆ ಕಲಿಸಬೇಕು, ಅದಕ್ಕೆ ಒಡಪುಗಳು ಬೇಕು ಎಂದಳು. ಅದೇನು ದೊಡ್ಡ ಮಾತು ಎಂದು ನಾನು ಮಂಡಳದವರನ್ನೆಲ್ಲ ಮನೆಗೆ ಕರೆದೆ.

ಅವತ್ತಿನ ಮಧ್ಯಾಹ್ನ ನಮ್ಮ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿರ್ತು ಒಬ್ಬೊಬ್ಬರ ಮುಂದೆ ಫೋನ್ ಹಿಡಿದಳು. ಮೊದಮೊದಲು ನಾಚಿಕೆ, ಆಮೇಲೆ ಪೈಪೋಟಿ. ಒಬ್ಬಾಕೆ ಒಂದು ಹೇಳಿದರೆ ಇನ್ನೊಬ್ಬಾಕೆಗೆ ಎರಡು ಹೇಳಬೇಕು. ನನ್ನ ಸರದಿ ಬಂದಾಗ ನಾನೂ ಬಿಡಲಿಲ್ಲ:

"ಮಾರ್ಕೆಟ್ ಯಾರ್ಡಿನ ಕಾಳಿನ ಚೀಲಕ್ಕ ಸುತಳಿ ಹೊಲಿಗಿ,
ಈರಣ್ಣಾವರ ಕೂಡ ನಂದು ಜಲ್ಮದ ಸಲಿಗಿ."

ಆ ಹೊತ್ತಿಗೆ ಅಂಗಡಿಯಲ್ಲಿರಬೇಕಾಗಿದ್ದ ನಮ್ಮನೆಯವರು ಒಳಕೋಣೆಯಲ್ಲಿ ಕನ್ನಡಕ ಹುಡುಕುತ್ತಿದ್ದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಹೆಂಗಸರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನನಗಂತೂ ಅವತ್ತು ಇಡೀ ಪುಣೆಗೆ ಬುದ್ಧಿ ಹಂಚಿದಷ್ಟು ಹೆಮ್ಮೆ.

ಎರಡು ದಿನ ಬಿಟ್ಟು ಬಿರ್ತು ಅಡುಗೆಮನೆಗೆ ಬಂದಳು.

"ಕಾಕು, ಆಯಿ ಒಡಪು ಯಾಕ ಹೇಳಲಿಲ್ಲರೀ?"

"ಅವರು ಹೇಳಂಗಿಲ್ಲ."

"ಯಾಕ್ರಿ?"

"ಮಾವನವರು ಇಲ್ಲಲ್ಲ. ಗಂಡ ಇಲ್ಲದವರನ್ನ ಒಡಪು ಕೇಳಂಗಿಲ್ಲ. ಮುತ್ತೈದ್ಯಾರನ್ನ ಅಷ್ಟ ಕೇಳತಾರ."

ಆಗ ಅವಳು ಅವತ್ತು ತಾನು ಕಂಡದ್ದನ್ನು ಹೇಳಿದಳು. ನಾವು ಒಡಪು ಹೇಳಿ ನಗುತ್ತಿದ್ದಾಗ ಅತ್ತೆ ಹಜಾರದ ಬಾಗಿಲಲ್ಲಿ ನಿಂತಿದ್ದರಂತೆ. ಫೋನ್ ತಮ್ಮ ಕಡೆ ಬರುವುದನ್ನು ಕಂಡು, ಚಹಾ ಇಡತೀನಿ ಎಂದು ಒಳಗೆ ಹೋದರಂತೆ. ಅವರಂತೆಯೇ ಇನ್ನೂ ಮೂರು ನಾಲ್ಕು ಜನ ಒಳಗೆ ಹೋಗಿದ್ದರು. ನಾನು ಚಹಾ ಕುಡಿದಿದ್ದೆ, ಯಾರು ಮಾಡಿದರು ಎಂದು ನೋಡಿರಲಿಲ್ಲ.

"ಕಣ್ಣು ತೋರಸಾಕ ಬರೂವರು ಹೆಚ್ಚಿಗಿ ಆಯಿ ಅಂಥವರೇ ಅಲ್ಲೇನ್ರಿ?" ಎಂದಳು ಬಿರ್ತು. "ಅವರನ್ನ ಹೊರಗ ಇಟ್ಟು ನಾ ಯಾರ ಸಲುವಾಗಿ ಈ ಯಂತ್ರ ಮಾಡಿದಂಗಾತು?"

ನನಗೆ ಸಿಟ್ಟು ಬಂತು. ಇಷ್ಟು ದೂರದಿಂದ ಬಂದ ಹುಡುಗಿ ನನ್ನ ಮನೆಯಲ್ಲಿ ನಿಂತು ನನ್ನ ಅತ್ತೆಯ ವಿಷಯ ನನಗೆ ಹೇಳುವುದೇ? ನಮ್ಮ ಪದ್ಧತಿ ನಿನಗೇನು ಗೊತ್ತು, ಓದಲು ಬಂದೀಯ ಓದು ಎಂದುಬಿಟ್ಟೆ. ಅವಳು ಹೋಗಲಿಲ್ಲ. ಕಟ್ಟೆಯ ಮೇಲಿದ್ದ ಈರುಳ್ಳಿ ಎಳೆದುಕೊಂಡು ಹೆಚ್ಚತೊಡಗಿದಳು. ಅವಳ ಹಟ ನನಗೆ ಗೊತ್ತು, ನನ್ನದು ಅವಳಿಗೆ ಗೊತ್ತು. ಅರ್ಧ ಈರುಳ್ಳಿ ಆಗುವಷ್ಟರಲ್ಲಿ ಸಿಟ್ಟು ಇಳಿಯಿತು, ಯಾಕೆಂದರೆ ಅವಳು ಹೇಳಿದ್ದರಲ್ಲಿ ಸುಳ್ಳು ಎಲ್ಲಿತ್ತು?

"ಒಡಪು ತಗದು ಒಗೀತಿಯೇನು ಮತ್ತ?" ಎಂದೆ. ಅಷ್ಟೆಲ್ಲ ಹೆಂಗಸರು ಹೇಳಿದ್ದು ವ್ಯರ್ಥವಾಗುತ್ತದಲ್ಲ ಎಂಬ ಸಂಕಟ ನನಗೆ.

"ಇಲ್ಲರೀ. ಪ್ರಶ್ನೆ ಅಷ್ಟ ಬದಲಿ ಮಾಡತೀನಿ. ನಿಮ್ಮನ್ನ ಯಾರ ಹೆಸರು ಹೇಳಿ ಗುರುತು ಹಿಡೀಬೇಕು ಅಂತ ಕೇಳತೀನಿ. ಗಂಡನ ಹೆಸರು ಹೇಳಲಿ, ಮಗಂದು ಹೇಳಲಿ, ತಾಯಿದು ಹೇಳಲಿ. ಒಡಪು ಹಾಕಲಿ, ಹಂಗ ಹೇಳಲಿ. ಅವರ ಮರ್ಜಿ."

ಪ್ರಶ್ನೆ ಬದಲಾಯಿತು. ಆದರೆ ಅಂಥ ಪ್ರಶ್ನೆಗೆ ಯಾರೂ ಥಟ್ಟನೆ ಉತ್ತರ ಹೇಳುವುದಿಲ್ಲ. ಯೋಚಿಸುತ್ತಾರೆ. ಅಷ್ಟು ಹೊತ್ತು ದನಿ ಕೇಳದಿದ್ದರೆ ಯಂತ್ರ ತಾನೇ ಫೋನ್ ಕಟ್ ಮಾಡುತ್ತದೆ. ಇದರ ಮೇಲೆ ಅವಳಿಗೂ ಅಭಿಲಾಷನಿಗೂ ದೊಡ್ಡ ಜಗಳವೇ ನಡೆಯಿತು, ನಮ್ಮ ಹಜಾರದಲ್ಲೇ. ಸುಮ್ಮನಿದ್ದವರಿಗೆಲ್ಲ ಕಾಯುತ್ತ ಕೂತರೆ ಲೈನ್ ಬ್ಲಾಕ್ ಆಗುತ್ತೆ, ಫೋನ್ ಅಲ್ಲೇ ಇಟ್ಟು ಎದ್ದುಹೋದವರಿಗೂ ಯಂತ್ರ ಕಾಯುತ್ತೆ ಎಂದು ಅವನು. ಎದ್ದುಹೋದವರ ಮೌನ ಬೇರೆ, ಕೂತು ಯೋಚಿಸುವವರ ಮೌನ ಬೇರೆ ಎಂದು ಇವಳು. ಯಂತ್ರಕ್ಕೆ ಎರಡೂ ಝೀರೋ ಎಂದು ಅವನು. ಕೊನೆಗೆ ಬಿರ್ತು ಅವನ ಕಿವಿಗೆ ಹೆಡ್‌ಫೋನ್ ತುರುಕಿ ಆ ಹಳೆಯ ಕರೆಗಳ ಮೌನವನ್ನೇ ದನಿ ಏರಿಸಿ ಕೇಳಿಸಿದಳು. ಅದರಲ್ಲಿ ಉಸಿರಿತ್ತು. ಎಳೆದುಕೊಳ್ಳುವ ಉಸಿರು, ಹೇಳಬೇಕೆಂದು ಹೊರಟು ತಡೆದ ಉಸಿರು. ಅಭಿಲಾಷ ಹೆಡ್‌ಫೋನ್ ತೆಗೆದು, "ಸರಿ, ಇದನ್ನ ಕೋಡ್ ಮಾಡಬಹುದು" ಎಂದ. ಆಮೇಲೆ ಇಬ್ಬರೂ ಸೇರಿ ಯಂತ್ರಕ್ಕೆ ಉಸಿರು ಗುರುತಿಸಲು ಕಲಿಸಿದರು. ಉಸಿರು ಕೇಳುವ ತನಕ ಅದು ಕಾಯಬೇಕು.

ಎಲ್ಲ ಆದ ಮೇಲೆ ಬಿರ್ತು ಫೋನ್ ತಂದು ಅತ್ತೆಯ ಮುಂದೆ ಹಿಡಿದಳು. "ಆಯಿ, ಈಗ ನಿಮ್ಮ ಮಗಂದು, ಈರಣ್ಣ ಕಾಕಾರ ಹೆಸರು ಹೇಳಿದರೂ ನಡೀತದರಿ" ಎಂದಳು. ನನಗ್ಯಾಕ ಬೇಕು ಅದು ಎಂದು ಅತ್ತೆ ಮುಖ ತಿರುಗಿಸಿದರು. ಅವಳು ಒತ್ತಾಯ ಮಾಡಲಿಲ್ಲ.

ಕೊನೆಯ ಪರೀಕ್ಷೆಯ ದಿನ ನಮ್ಮನೆಯವರು ಅಂಗಡಿಗೆ ಬೀಗ ಹಾಕಿ ಇಸ್ತ್ರಿ ಮಾಡಿದ ಅಂಗಿ ತೊಟ್ಟರು. ಮಗಳ ಲಗ್ನಕ್ಕೆ ಹೊರಟವರ ಹಾಗೆ ನಾವು ಮೂವರೂ ರಿಕ್ಷಾ ಹಿಡಿದೆವು. ಎದುರಿಗೆ ಫೋನ್ ಮಾಡಿ ತೋರಿಸುವವಳು ನಾನು ಎಂದು ಮೊದಲೇ ಗೊತ್ತಾಗಿತ್ತು. ನನ್ನ ಒಡಪನ್ನು ಮತ್ತೆ ಮತ್ತೆ ಹೇಳಿ ಗಟ್ಟಿ ಮಾಡಿಕೊಂಡಿದ್ದೆ. ಅತ್ತೆ ಕಾಲೇಜು ಹೇಗಿರುತ್ತದೆ ನೋಡಬೇಕೆಂದು ಬಂದಿದ್ದರು, ಅಷ್ಟೇ.

ದೊಡ್ಡ ಕೋಣೆ, ಮುಂದೆ ಬಿಳಿ ಪರದೆ. ಮೇಜಿನ ಆಚೆ ಕಂಪ್ಯೂಟರ್ ವಿಭಾಗದ ಸರ್, ಭಾಷಾ ವಿಭಾಗದ ಮೇಡಂ. ಇಬ್ಬರೂ ಮರಾಠಿಯವರು. ಬಿರ್ತು ನಿಂತು ಇಂಗ್ಲಿಷಿನಲ್ಲಿ ವಿವರಿಸಿದಳು. ನನಗೆ ಅರ್ಧ ತಿಳಿಯಿತು, ಇನ್ನರ್ಧವನ್ನು ಅವಳು ನಿಂತ ರೀತಿಯಲ್ಲೇ ತಿಳಿದುಕೊಂಡೆ. ಬೆನ್ನು ನೆಟ್ಟಗಿತ್ತು. ಉಖಾಣಾ ಎಂಬ ಮಾತು ಬಂದಾಗ ಮೇಡಂ ನಕ್ಕರು. ಸರ್ ನಗಲಿಲ್ಲ.

"ಚೆನ್ನಾಗಿದೆ" ಎಂದರು ಅವರು ಮರಾಠಿಯಲ್ಲಿ, ನಮಗೂ ತಿಳಿಯಲಿ ಎಂದೋ ಏನೋ. "ಆದರೆ ಇದು ಹಾಡು ಹಸೆ ಕೂಡಿಸಿ ಕಾರ್ಯಕ್ರಮ ಮಾಡಿ ತೋರಿಸಿದ ಹಾಗಿದೆ. ಕಂಪ್ಯೂಟರಿನ ಕೆಲಸದಲ್ಲಿ ಭಾಷಾವಿಜ್ಞಾನಕ್ಕೆ ಏನು ಜಾಗ ಎನ್ನುವುದು ನನಗಿನ್ನೂ ಕಂಡಿಲ್ಲ. ಫೋನ್ ಮಾಡಿ ನೋಡೋಣ." ನಾನು ಎದ್ದು ನಿಂತೆ. ಅವರು ಕೈ ಅಡ್ಡ ಹಿಡಿದರು. "ನೀವಲ್ಲ ತಾಯಿ. ನೀವು ಬಾಯಿಪಾಠ ಮಾಡಿ ಬಂದಿರುತ್ತೀರಿ. ಅವರು ಮಾಡಲಿ."

ಅವರು ತೋರಿಸಿದ್ದು ಅತ್ತೆಯನ್ನು.

ಅವರು ಒಂದು ಸಲವೂ ಮಾಡಿ ನೋಡಿಲ್ಲ, ಅವರನ್ನು ಬಿಡಿ ಎಂದೆ. ಅದಕ್ಕೇ ಅವರೇ ಬೇಕು ಎಂದರು ಸರ್. ಬಿರ್ತು ಗಾಬರಿಯಾದಳು. ತನ್ನ ಎರಡು ವರ್ಷದ ಓದಿಗಾಗಿ ಅವಳು ಹೆದರಿದಳು ಎಂದು ನೀವು ತಿಳಿಯಬಹುದು. ಅಲ್ಲ. ಅವಳು ಅತ್ತೆಯ ಬಳಿ ಬಂದು ಮೊಣಕಾಲೂರಿ, "ಆಯಿ, ಬ್ಯಾಡಾಗಿದ್ರ ಬ್ಯಾಡ್ರಿ. ನಾ ಅವರಿಗೆ ಹೇಳತೀನಿ" ಎಂದಳು. ಪರೀಕ್ಷೆ ಕೈಬಿಟ್ಟುಹೋದರೂ ಚಿಂತೆಯಿಲ್ಲ ಎಂಬ ಹಾಗೆ.

"ಕೊಡಿಲ್ಲೆ" ಎಂದು ಅತ್ತೆ ಫೋನ್ ಈಸಿಕೊಂಡರು.

ಯಂತ್ರದ ಮಾತು ಕೋಣೆಗೆಲ್ಲ ಕೇಳುವ ಹಾಗೆ ಸ್ಪೀಕರ್ ಇತ್ತು. ಅತ್ತೆಯ ಮಾತು ಬರಹವಾಗಿ ಪರದೆಯ ಮೇಲೆ ಬೀಳುತ್ತಿತ್ತು.

"ನಮಸ್ಕಾರ್ರಿ. ನಿಮ್ಮ ಹೆಸರು ಹೇಳ್ರಿ."

"ಪಾರವ್ವ."

"ಪಾರವ್ವಾರ, ನಿಮ್ಮನ್ನ ಯಾರ ಹೆಸರು ಹೇಳಿ ಗುರುತು ಹಿಡೀಬೇಕ್ರಿ? ಅವಸರ ಇಲ್ಲ, ಸಾವಕಾಶ ಹೇಳ್ರಿ."

ಅತ್ತೆ ಸುಮ್ಮನಾದರು. ಮಗನ ಹೆಸರು ಹೇಳಿ ಮುಗಿಸುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದರು. ಸರ್ ಕುರ್ಚಿಯಲ್ಲಿ ಹಿಂದಕ್ಕೊರಗಿದರು. ಅಭಿಲಾಷ ಉಗುರು ಕಚ್ಚಿದ. ಕಟ್ ಆಯಿತೆಂದು ಕಾಣುತ್ತದೆ ಎಂದರು ಸರ್. ಇಲ್ಲ ಸರ್, ಅದು ಕಾಯುತ್ತಿದೆ ಎಂದಳು ಬಿರ್ತು. ಪರದೆಯ ಮೇಲೆ ಒಂದು ಸಣ್ಣ ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಅದು ನಮ್ಮ ಅತ್ತೆಯ ಉಸಿರು.

ನಮ್ಮನೆಯವರು ಎದ್ದು ತಾಯಿಯ ಕಡೆ ಹೋಗಲಿದ್ದರು. ನಾನು ಅಂಗಿ ಹಿಡಿದೆಳೆದು ಕೂರಿಸಿದೆ. ಅತ್ತೆಯ ತುಟಿ ಆಡುತ್ತಿದ್ದವು. ಪ್ರಾಸ ಕೂಡಿಸುವಾಗ ತುಟಿ ಹೇಗೆ ಆಡುತ್ತವೆ ಎಂದು ಎಷ್ಟೋ ಸೀಮಂತಗಳನ್ನು ಕಂಡ ನನಗೆ ಗೊತ್ತಾಗದೇ?

ಅತ್ತೆ ಸೆರಗು ಸರಿಮಾಡಿಕೊಂಡರು. ಕತ್ತೆತ್ತಿ, ಕೋಣೆಯ ತುಂಬ ಕೇಳುವ ಹಾಗೆ ಹೇಳಿದರು:

"ನಿಂಬಿ ಗಿಡಾ ಹಚ್ಚಿದವರು ನೆರಳಾಗ ಕೂಡಲಿಲ್ಲ,
ಬಸವಪ್ರಭು ಅವರ ಹೆಸರು ನನ್ನ ಬಾಯಿ ಬಿಟ್ಟು ಓಡಲಿಲ್ಲ."

ಮಾವನವರು ಹೋದ ಮೇಲೆ ಆ ಹೆಸರನ್ನು ಅತ್ತೆಯ ಬಾಯಲ್ಲಿ ಯಾರೂ ಕೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲವಲ್ಲ, ಹೇಳು ಎಂದು. ಆ ಒಡಪು ಯಾರದೂ ಅಲ್ಲ, ಅಲ್ಲೇ ಕಟ್ಟಿದ್ದು. ನನ್ನ ಕಣ್ಣು ತುಂಬಿ ಪರದೆ ಮಸುಕಾಯಿತು. ಮಸುಕಿನಲ್ಲೇ ಒಂದೊಂದೇ ಅಕ್ಷರ ಮೂಡಿ ಮಾವನವರ ಹೆಸರಾಯಿತು.

"ಪಾರವ್ವ, ಬಸವಪ್ರಭು ಅವರ ಮನಿಯವರು" ಎಂದಿತು ಯಂತ್ರ, ಬಿರ್ತುವಿನ ದನಿಯಲ್ಲಿ. "ನಿಮ್ಮ ಹೆಸರು ಬರಕೊಂಡೇವ್ರಿ. ಶನಿವಾರ ಮುಂಜಾನೆ ಬರ್ರಿ."

ಅತ್ತೆ ಹೇಳಿದ ಕನ್ನಡ ಮೇಡಂಗೆ ತಿಳಿದಿರಲಿಕ್ಕಿಲ್ಲ. ಆದರೆ ಅದು ಉಖಾಣಾ ಎಂಬುದು ತಿಳಿಯಿತು, ಅತ್ತೆಯ ಬರಿದಾದ ಹಣೆಯೂ ಕಾಣುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೂತರು. ಸರ್ ಪರದೆಯ ಮೇಲಿನ ಗೆರೆಯನ್ನು ಹಿಂದಕ್ಕೆ ಎಳೆದು ಮತ್ತೆ ನೋಡಿದರು.

"ಅಷ್ಟು ಹೊತ್ತು ಏನೂ ಮಾತಿಲ್ಲ. ಕಾಯಬೇಕೆಂದು ಇದಕ್ಕೆ ಹೇಗೆ ಗೊತ್ತಾಯಿತು?"

"ಅವರು ಸುಮ್ಮನಿದ್ದದ್ದೂ ಮಾತೇ ಸರ್" ಎಂದಳು ಬಿರ್ತು. "ಅದು ಮಾತು ಎಂದು ನಾನು ಮೇಡಂ ತರಗತಿಯಲ್ಲಿ ಕಲಿತೆ. ಅದನ್ನು ಯಂತ್ರಕ್ಕೆ ಹೇಗೆ ಹೇಳಬೇಕೆಂದು ನಿಮ್ಮ ತರಗತಿಯಲ್ಲಿ ಕಲಿತೆ. ಒಂದನ್ನು ಬಿಟ್ಟಿದ್ದರೆ ಇವತ್ತು ಆಯಿಯ ಫೋನ್ ಕಟ್ ಆಗುತ್ತಿತ್ತು."

ಸರ್ ಮೇಡಂ ಕಡೆ ನೋಡಿದರು. ಅವರಿಬ್ಬರೂ ಏನೋ ಮೆಲ್ಲಗೆ ಮಾತಾಡಿಕೊಂಡರು. ಆಮೇಲೆ ಸರ್ ಮರಾಠಿಯಲ್ಲೇ ಹೇಳಿದರು, ಎರಡೂ ಇರಲಿ, ಯಾವುದನ್ನೂ ಬಿಡಬೇಡ, ಇದು ಎರಡರದೂ ಕೆಲಸ ಎಂದು. ಅಭಿಲಾಷ ಮೇಜು ಕುಟ್ಟಿದ. ಬಿರ್ತು ಅಳಲಿಲ್ಲ, ನಗಲೂ ಇಲ್ಲ, ಕೈ ಜೋಡಿಸಿ ನಿಂತಳು. ಅವಳನ್ನು ನೋಡುತ್ತ ನನ್ನ ಎದೆ ಎಷ್ಟು ಉಬ್ಬಿತೆಂದರೆ, ಹವಾಸದಲ್ಲಿರುವ ಅವಳ ತಾಯಿ ಈಗ ಇಲ್ಲಿದ್ದಿದ್ದರೆ ಅರ್ಧ ಹೆಮ್ಮೆ ಆಕೆಗೆ ಬಿಟ್ಟುಕೊಡುತ್ತಿದ್ದೆನೋ ಇಲ್ಲವೋ ಹೇಳಲಾರೆ.

"ಏನಂದ್ರು?" ಎಂದು ಅತ್ತೆ ನನ್ನನ್ನು ಕೇಳಿದರು.

"ಬಿರ್ತು ಎರಡೂ ಓದಬಹುದಂತ."

"ಓದಲಿ, ಓದಲಿ. ಆಕಿ ಓದದ ಇನ್ಯಾರು ಓದತಾರ" ಎಂದರು ಅತ್ತೆ, ಇದರಲ್ಲೇನು ಹೊಸದು ಎಂಬಂತೆ. ಆಮೇಲೆ ಫೋನ್ ಎತ್ತಿಕೊಂಡು ನೇರವಾಗಿ ಸರ್ ಇದ್ದಲ್ಲಿಗೆ ನಡೆದರು. ಅವರಿಗೆ ಕನ್ನಡ ಬರುವುದಿಲ್ಲ ಎಂಬುದು ಅತ್ತೆಯ ಲೆಕ್ಕಕ್ಕೇ ಬರಲಿಲ್ಲ.

"ಇನ್ನೊಮ್ಮಿ ಹಚ್ಚಿಕೊಡ್ರಿ" ಎಂದರು. "ನಾ ಯಾರ ಮನಿಯಾಕಿ ಅಂತ ಅದು ಹೇಳಿತಲ್ಲ, ಅದನ್ನ ಕೇಳಬೇಕು."

ಸರ್ ನನ್ನ ಕಡೆ ನೋಡಿದರು. ನಾನು ಮರಾಠಿಯಲ್ಲಿ ಹೇಳಿದೆ. ಅವರು ಕುರ್ಚಿಯಿಂದ ಎದ್ದು, ಅತ್ತೆಯನ್ನು ಅದರಲ್ಲಿ ಕೂರಿಸಿ, ತಾವೇ ಆ ಕರೆಯನ್ನು ಮತ್ತೆ ಹಚ್ಚಿಕೊಟ್ಟರು.